ನನ್ನಿಂದ ಆದೀತೇ?

(ದಢೇಸುಗೂರಿನಲ್ಲಿ ನಡೆದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ನಾಯಕತ್ವದ ಗುಣಗಳು’ ಎಂದು ಅಚ್ಚಾಗಿದೆ. ಅದರ ಮೇಲೆ ಮಾತನಾಡುವುದು ಬಹಳ ಸುಲಭ. ಧೈರ್ಯ, ಪ್ರಾಮಾಣಿಕತೆ, ದೂರದೃಷ್ಟಿ ಎಂದು ಹತ್ತು ಗುಣಗಳ ಹೆಸರು ಹೇಳಿ, ಹತ್ತಕ್ಕೂ ಒಬ್ಬೊಬ್ಬ ಮಹಾಪುರುಷರ ಉದಾಹರಣೆ ಕೊಟ್ಟು, ಚಪ್ಪಾಳೆ ತೆಗೆದುಕೊಂಡು ಊಟಕ್ಕೆ ಏಳಬಹುದು. ನಾನೂ ಹಾಗೆಯೇ ತಯಾರಾಗಿ ಬರುವವನಿದ್ದೆ. ಆದರೆ ಮೂರು ದಿನಗಳ ಹಿಂದೆ ನಿಮ್ಮಲ್ಲೇ ಒಬ್ಬ ವಿದ್ಯಾರ್ಥಿ ನನ್ನ ಕೈಯಲ್ಲಿ ಒಂದು ಪತ್ರ ಇಟ್ಟು, ಅಧ್ಯಕ್ಷರಿಗೆ ತಲುಪಿಸಿ ಎಂದು ಹೇಳಿ ಹೋದ. ಅವನ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ. ಹೆಸರು ಹೇಳುವುದಿಲ್ಲ, ನೀವೂ ಊಹಿಸಲು ಹೋಗಬೇಡಿ.

ಅದು ರಾಜೀನಾಮೆ ಪತ್ರ. ವಸತಿ ನಿಲಯದ ವಿದ್ಯಾರ್ಥಿ ಸಂಘಕ್ಕೆ ಅವನನ್ನು ಕಾರ್ಯದರ್ಶಿಯಾಗಿ ಆರಿಸಿ ಇನ್ನೂ ಎರಡು ತಿಂಗಳಾಗಿಲ್ಲ. ‘ನಾನು ಈ ಜವಾಬ್ದಾರಿಗೆ ಯೋಗ್ಯನಲ್ಲ. ನನಗಿಂತ ಚೆನ್ನಾಗಿ ಮಾತನಾಡುವವರು, ಓದಿನಲ್ಲಿ ಮುಂದಿರುವವರು ಇದ್ದಾರೆ. ನನ್ನನ್ನು ತಪ್ಪು ತಿಳಿದು ಆರಿಸಿದ್ದೀರಿ’ ಎಂದು ಬರೆದಿದ್ದಾನೆ. ನಾನು ಓದಿ, ‘ಯಾಕಪ್ಪಾ, ಏನಾಯಿತು?’ ಎಂದು ಕೇಳಿದರೆ, ‘ನನ್ ಕೈಲೆ ಆಗಂಗಿಲ್ಲ ಸರ’ ಎಂದಷ್ಟೇ ಹೇಳಿದ. ಅದಕ್ಕಿಂತ ಹೆಚ್ಚು ಒಂದು ಮಾತೂ ಹೊರಡಲಿಲ್ಲ.

ಆದ್ದರಿಂದ ಇವತ್ತು ಗುಣಗಳ ಪಟ್ಟಿ ಬೇಡ. ಮುಂದೆ ನಿಂತವನಿಗೆ ಒಳಗಿನಿಂದ ಕಾಡುವ ಈ ಅಳುಕಿನ ಬಗ್ಗೆ ಮಾತನಾಡೋಣ. ಇದು ವಿದ್ಯಾರ್ಥಿಗಳ ವಿಷಯ ಮಾತ್ರ ಎಂದು ಸಂಘದ ಹಿರಿಯರು ತಿಳಿಯಬಾರದು. ವೇದಿಕೆಯ ಮೇಲೆ ಕುಳಿತಿರುವ ನಾವು ಯಾರೂ ಇದನ್ನು ಬಾಯಿಬಿಟ್ಟು ಹೇಳಿಕೊಂಡಿಲ್ಲ, ಅಷ್ಟೇ.

ಮೊದಲು ನನ್ನ ಕಥೆಯನ್ನೇ ಹೇಳಿಬಿಡುತ್ತೇನೆ. ಇನ್ನೊಬ್ಬರ ಅಳುಕಿನ ಬಗ್ಗೆ ಉಪದೇಶ ಮಾಡುವವನು ತನ್ನದನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ.

ನಾನು ನೌಕರಿಗೆ ಸೇರಿದ ಐದನೆಯ ವರ್ಷ, ಶಾಲೆಯ ಮುಖ್ಯೋಪಾಧ್ಯಾಯರು ನಿವೃತ್ತರಾದರು. ಹೊಸಬರು ಬರುವ ತನಕ ಪ್ರಭಾರ ನನ್ನ ಹೆಗಲಿಗೆ ಬಿತ್ತು. ನನಗಿಂತ ಹಿರಿಯರು ಇಬ್ಬರಿದ್ದರು, ಅವರು ಒಲ್ಲೆ ಎಂದರು. ನನಗೆ ಒಲ್ಲೆ ಎನ್ನುವ ಧೈರ್ಯವೂ ಇರಲಿಲ್ಲ. ಆ ಕುರ್ಚಿಯಲ್ಲಿ ಕುಳಿತ ಮೊದಲ ದಿನದಿಂದ ನನಗೆ ಒಂದೇ ಹೆದರಿಕೆ: ಇವನಿಗೆ ಏನೂ ಬರುವುದಿಲ್ಲ ಎಂಬುದು ಇವತ್ತಲ್ಲ ನಾಳೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಈ ಹೆದರಿಕೆ ಇರುವವನು ಏನು ಮಾಡುತ್ತಾನೆ ಗೊತ್ತೇ? ಗೊತ್ತಿದ್ದವರ ಹಾಗೆ ನಟಿಸುತ್ತಾನೆ. ಯಾರನ್ನೂ ಏನೂ ಕೇಳುವುದಿಲ್ಲ. ಎಲ್ಲ ಕೆಲಸವನ್ನೂ ತಾನೇ ಮೈಮೇಲೆ ಹಾಕಿಕೊಳ್ಳುತ್ತಾನೆ, ಯಾಕೆಂದರೆ ಹಂಚಿದರೆ ತನ್ನ ಅಜ್ಞಾನ ಹೊರಬೀಳುತ್ತದೆ. ಸಣ್ಣ ಮಾತಿಗೂ ಸಿಡುಕುತ್ತಾನೆ. ಅದನ್ನು ನೋಡಿದವರು ‘ಇವನಿಗೆ ಅಧಿಕಾರದ ಮದ ಏರಿದೆ’ ಎನ್ನುತ್ತಾರೆ. ಒಳಗೆ ನೋಡಿದರೆ ಮದವೂ ಇಲ್ಲ, ಮಣ್ಣೂ ಇಲ್ಲ, ಬರೀ ಭಯ.

ಆ ವರ್ಷ ಎಸ್ಸೆಸ್ಸೆಲ್ಸಿ ಮಕ್ಕಳ ನಾಮಿನಲ್ ರೋಲ್ ನನ್ನ ಮೇಜಿಗೆ ಬಂತು. ಪ್ರತಿ ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕವನ್ನು ದಾಖಲಾತಿ ರಿಜಿಸ್ಟರ್‌ಗೆ ಹೋಲಿಸಿ ನೋಡಿ ಸಹಿ ಮಾಡಬೇಕು. ಹೇಗೆ ಹೋಲಿಸಬೇಕು, ತಪ್ಪಿದ್ದರೆ ಎಲ್ಲಿ ತಿದ್ದಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಪಕ್ಕದ ಕೋಣೆಯಲ್ಲಿ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಗುಮಾಸ್ತರಿದ್ದರು. ಕೇಳಿದರೆ ‘ಇಷ್ಟೂ ಗೊತ್ತಿಲ್ಲವೇ’ ಎಂದಾರು ಎಂದು ಅಳುಕಿ, ಮೇಲಿಂದ ಮೇಲೆ ನೋಡಿ ಸಹಿ ಮಾಡಿದೆ. ಒಬ್ಬ ಹುಡುಗಿಯ ಹುಟ್ಟಿದ ವರ್ಷ ತಪ್ಪಾಗಿತ್ತು. ಅಂಕಪಟ್ಟಿಯಲ್ಲೂ ಅದೇ ತಪ್ಪು ಅಚ್ಚಾಗಿ ಬಂತು. ಅದನ್ನು ಸರಿಪಡಿಸಲು ಅವಳ ತಂದೆ ಕೂಲಿ ಬಿಟ್ಟು ಕಚೇರಿಯಿಂದ ಕಚೇರಿಗೆ ಅಲೆದರು. ಅವಳು ಮುಂದಿನ ಓದಿಗೆ ಸೇರುವುದು ಒಂದು ವರ್ಷ ತಡವಾಯಿತು.

ಗುಮಾಸ್ತರು ನನಗೆ ಬೈಯಲಿಲ್ಲ. ‘ಒಂದ್ ಮಾತು ಕೇಳಿದ್ರ ನಾನೇ ಕೂತು ತೋರಸ್ತಿದ್ದೆ ಸರ’ ಎಂದರು. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ವಿದ್ಯಾರ್ಥಿಗಳೇ, ಇದನ್ನು ಯಾಕೆ ಹೇಳಿದೆನೆಂದರೆ, ಕೀಳರಿಮೆ ಎಂಬುದು ನಮ್ಮೊಬ್ಬರ ಮನಸ್ಸಿನೊಳಗಿನ ನೋವು, ಅದರಿಂದ ಇನ್ನೊಬ್ಬರಿಗೆ ಏನು ನಷ್ಟ ಎಂದು ನಾವು ತಿಳಿದಿರುತ್ತೇವೆ. ಸಾಮಾನ್ಯ ಮನುಷ್ಯನ ಮಟ್ಟಿಗೆ ಅದು ನಿಜವಿರಬಹುದು. ಮುಂದಾಳುವಿನ ಮಟ್ಟಿಗೆ ನಿಜವಲ್ಲ. ಅವನು ಬಚ್ಚಿಟ್ಟ ಅಳುಕಿನ ದಂಡವನ್ನು ಅವನ ಹಿಂದೆ ಇರುವವರು ಕಟ್ಟುತ್ತಾರೆ. ನನಗೆ ಬಂದ ಅಳುಕು ನನ್ನ ತಪ್ಪಲ್ಲ. ಅದನ್ನು ಬಚ್ಚಿಟ್ಟದ್ದು ನನ್ನ ತಪ್ಪು.

ಈಗ ನಮ್ಮ ನೆರೆಯ ಮಸ್ಕಿಗೆ ಬನ್ನಿ. ಸಿಂಧನೂರಿನಿಂದ ಲಿಂಗಸುಗೂರಿನ ಕಡೆಗೆ ಹೋಗುವ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುವ ಊರು. ನಿಮ್ಮಲ್ಲಿ ಎಷ್ಟೋ ಜನ ಆ ದಾರಿಯಲ್ಲಿ ನೂರು ಸಲ ಓಡಾಡಿದ್ದೀರಿ. ಅಲ್ಲಿಯ ಬಂಡೆಯ ಮುಂದೆ ನಿಂತವರು ಎಷ್ಟು ಜನ? ಕೈ ಎತ್ತಿ ನೋಡೋಣ... ನಾಲ್ಕು ಕೈ! ನಮ್ಮ ಜಿಲ್ಲೆಯ ಬಗ್ಗೆ ನಮಗೇ ಇರುವ ಅಸಡ್ಡೆಗೆ ಇದಕ್ಕಿಂತ ಸಾಕ್ಷಿ ಬೇಡ.

1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರರು ಬಂಗಾರದ ಅದಿರು ಹುಡುಕುತ್ತ ಅಲ್ಲಿಗೆ ಬಂದವರು, ಬಂಡೆಯ ಮೇಲಿನ ಬರಹ ಕಂಡರು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅಲ್ಲಿಯವರೆಗೆ ದೇಶದಲ್ಲಿ ಸಿಕ್ಕಿದ್ದ ಇಂಥ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಆ ಬಿರುದಿನ ದೊರೆ ಅಶೋಕನೇ ಎಂದು ಶಾಸನದಲ್ಲೇ ಹೆಸರು ಹಿಡಿದು ತೋರಿಸಿದ್ದು ಮೊದಲು ನಮ್ಮ ಮಸ್ಕಿಯ ಬಂಡೆ. ಆಮೇಲೆ 1970ರ ದಶಕದಲ್ಲಿ ಇಲ್ಲಿಂದ ತುಂಗಭದ್ರೆಯ ಆಚೆ, ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲೂ ಅಶೋಕನ ಹೆಸರಿರುವ ಶಾಸನಗಳು ಸಿಕ್ಕವು. ಇಷ್ಟನ್ನು ಪರೀಕ್ಷೆಗೆ ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಬಂಡೆಯಲ್ಲಿ ಹೆಸರು ಯಾವುದು ಎಂದು ಕೇಳಿದರೆ ಹೇಳುತ್ತಾರೆ. ಆ ಹೆಸರಿನವನು ಅಲ್ಲಿ ಏನು ಹೇಳಿಕೊಂಡಿದ್ದಾನೆ ಎಂದರೆ ಸುಮ್ಮನಾಗುತ್ತಾರೆ.

ಅಲ್ಲಿ ಅವನು ತನ್ನ ಜಯವನ್ನು ಬರೆಸಿಲ್ಲ. ಈ ಶಾಸನದ ಪ್ರತಿಗಳು ಹಲವು ಊರುಗಳಲ್ಲಿವೆ. ಮಸ್ಕಿಯದು ಅಲ್ಲಲ್ಲಿ ಸವೆದಿರುವುದರಿಂದ ಎಲ್ಲವನ್ನೂ ಸೇರಿಸಿ ಓದಿದರೆ ಬರುವ ಅರ್ಥ ಹೀಗಿದೆ: ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಮೊದಲು ಸುಮಾರು ಒಂದು ವರ್ಷ ತಾನು ಬೇಕಾದಷ್ಟು ಶ್ರಮಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಈಗ ಒಂದು ವರ್ಷಕ್ಕೂ ಮಿಕ್ಕಿ ಚೆನ್ನಾಗಿ ಶ್ರಮಪಡುತ್ತಿದ್ದೇನೆ ಎಂದು ಅವನು ಹೇಳಿಕೊಳ್ಳುತ್ತಾನೆ. ಮುಂದೆ ಹೋಗಿ, ಈ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದು ಎಂದು ಯಾರೂ ತಿಳಿಯಬಾರದು, ಸಣ್ಣವನೂ ಶ್ರಮಪಟ್ಟರೆ ಪಡೆಯಬಹುದು, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ತಿಳಿಸಿ ಎನ್ನುತ್ತಾನೆ.

ಸ್ವಲ್ಪ ಯೋಚಿಸಿ. ಕಳಿಂಗದಿಂದ ಗಾಂಧಾರದವರೆಗೆ ಆಳಿದ ದೊರೆ. ‘ನಾನು ಒಂದು ವರ್ಷ ಸರಿಯಾಗಿ ಕೆಲಸ ಮಾಡಲಿಲ್ಲ’ ಎಂಬುದನ್ನು ಮುಚ್ಚಿಟ್ಟಿದ್ದರೆ ಯಾರು ಕೇಳುವವರಿದ್ದರು? ಅವನು ಅದನ್ನು ಕಲ್ಲಿನಲ್ಲಿ ಕೊರೆಸಿದ, ಅದೂ ತನ್ನ ಅರಮನೆಯಿಂದ ನೂರಾರು ಹರದಾರಿ ದೂರದ ನಮ್ಮ ಎರೆಭೂಮಿಯಲ್ಲಿ. ಕೊರತೆಯನ್ನು ಹೇಳಿದ್ದರಿಂದ ಅವನ ಆಳ್ವಿಕೆಯೇನೂ ಕುಸಿಯಲಿಲ್ಲ. ಇನ್ನೊಂದು ಗಮನಿಸಿ. ತಾನು ಅಯೋಗ್ಯ ಎಂದು ಅವನು ಹೇಳಲಿಲ್ಲ. ಇಂಥ ಅವಧಿಯಲ್ಲಿ ಶ್ರಮ ಕಡಿಮೆಯಾಯಿತು, ಇಂಥ ಸಮಯದಿಂದ ಹೆಚ್ಚಾಯಿತು ಎಂದು ಲೆಕ್ಕ ಕೊಟ್ಟ. ‘ನಾನು ಕೆಲಸಕ್ಕೆ ಬಾರದವನು’ ಎನ್ನುವುದಕ್ಕೂ ‘ನಾನು ಕಳೆದ ವರ್ಷ ಈ ಕೆಲಸ ಮಾಡಲಿಲ್ಲ’ ಎನ್ನುವುದಕ್ಕೂ ಬಹಳ ಅಂತರವಿದೆ. ಮೊದಲನೆಯದನ್ನು ಇಟ್ಟುಕೊಂಡು ಅಳಬಹುದು. ಎರಡನೆಯದನ್ನು ಇಟ್ಟುಕೊಂಡು ನಾಳೆ ಬೆಳಿಗ್ಗೆ ಏನಾದರೂ ಮಾಡಬಹುದು.

ನಮ್ಮ ಇತಿಹಾಸದಲ್ಲೂ ಇಂಥ ಮಾತಿದೆ. ಪ್ರವಾದಿಯವರು (ಸ) 632ರಲ್ಲಿ ತೀರಿಕೊಂಡ ಮೇಲೆ ಹೊಣೆ ಹಜ್ರತ್ ಅಬೂಬಕರ್ ಸಿದ್ದೀಕ್ (ರ) ಅವರ ಮೇಲೆ ಬಂತು. ಅವರು ಜನರ ಮುಂದೆ ಮಾಡಿದ ಮೊದಲ ಭಾಷಣದಲ್ಲಿ, ನಾನು ನಿಮ್ಮೆಲ್ಲರಿಗಿಂತ ಉತ್ತಮನೇನಲ್ಲ, ಸರಿಯಾಗಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂಬ ಅರ್ಥದ ಮಾತು ಹೇಳಿದರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಇದನ್ನು ನಾವು ವಿನಯದ ಉದಾಹರಣೆಯಾಗಿ ಮಾತ್ರ ಹೇಳುತ್ತೇವೆ. ನನಗೆ ಕಾಣುವುದು ಬೇರೆ. ಅದು ಆಡಳಿತದ ಏರ್ಪಾಡು. ತಿದ್ದುವ ಹಕ್ಕನ್ನು ಮೊದಲ ದಿನವೇ ಜನರ ಕೈಗೆ ಕೊಟ್ಟವನಿಗೆ, ತನ್ನ ತಪ್ಪು ಎಲ್ಲಿ ಬಯಲಾದೀತೋ ಎಂಬ ಹೆದರಿಕೆ ಇರುವುದಿಲ್ಲ. ಹಜ್ರತ್ ಮೂಸಾ (ಅ) ಅವರ ಪ್ರಸಂಗವೂ ನಿಮಗೆ ಗೊತ್ತು. ಫಿರ್‌ಔನನ ಆಸ್ಥಾನಕ್ಕೆ ಹೋಗಬೇಕೆಂಬ ಆಜ್ಞೆಯಾದಾಗ ಅವರು ನಾಲಿಗೆಯ ಗಂಟು ಸಡಿಲಿಸೆಂದು ಬೇಡಿದರು, ಅಣ್ಣ ಹಾರೂನರನ್ನು ಜೊತೆಗೆ ಕೊಡೆಂದು ಕೇಳಿದರು. ಬೇಡಿಕೆ ಈಡೇರಿತು. ಜೊತೆಗಾರನನ್ನು ಕೇಳಿದ್ದಕ್ಕೆ ಅವರ ಯೋಗ್ಯತೆ ಕಡಿಮೆಯಾಯಿತು ಎಂದು ಯಾರೂ ಹೇಳಲಿಲ್ಲ.

ನಾಲಿಗೆಯ ಮಾತು ಬಂತು. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಅಳುಕು ಹುಟ್ಟುವುದೇ ಅಲ್ಲಿ. ಮನೆಯಲ್ಲಿ ಉರ್ದು, ಅದೂ ನಮ್ಮ ಕಡೆಯ ದಖನಿ. ಶಾಲೆಯಲ್ಲಿ ಕನ್ನಡ. ಕಾಲೇಜಿಗೆ ಹೋದರೆ ಇಂಗ್ಲಿಷು. ಮೂರರಲ್ಲೂ ಅರೆಬರೆ ಎಂಬ ನಾಚಿಕೆ. ಬೆಂಗಳೂರಿಗೆ ಹೋದರೆ ನಮ್ಮ ರಾಯಚೂರು ಕನ್ನಡ ಕೇಳಿ ನಗುತ್ತಾರೆಂಬ ಹೆದರಿಕೆ ಬೇರೆ. 2025ರಲ್ಲಿ ‘ಹಾರ್ಟ್ ಲ್ಯಾಂಪ್’ ಕೃತಿಗೆ, ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು ಒಂದು ಷರತ್ತಿನ ಮೇಲೆ. ಆರು ತಿಂಗಳೊಳಗೆ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬುದೇ ಆ ಷರತ್ತು. ಆ ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ನಿಮ್ಮ ನಾಲಿಗೆಯ ಮೇಲೆ ಮೂರು ಭಾಷೆ ಇರುವುದು ದೋಷವಲ್ಲ. ಒಂದೇ ಭಾಷೆ ಇದ್ದವನಿಗೆ ಈ ತೊಡಕೇ ಇಲ್ಲ ನಿಜ, ನಿಮ್ಮ ಅನುಕೂಲವೂ ಅವನಿಗಿಲ್ಲ.

ಇನ್ನು ಮಾತು ಬಾರದ ನಾಯಕನ ವಿಷಯ. ಗಾಂಧೀಜಿ ಬ್ಯಾರಿಸ್ಟರ್ ಆಗಿ ಬಂದು ಮುಂಬಯಿಯ ಸಣ್ಣ ದಾವೆಗಳ ನ್ಯಾಯಾಲಯದಲ್ಲಿ ಮೊದಲ ಕೇಸಿಗೆ ಎದ್ದು ನಿಂತರು. ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟರು, ಕಕ್ಷಿಗಾರಳಿಗೆ ಫೀಜು ಹಿಂದಿರುಗಿಸಿದರು. ಇದನ್ನು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದೇ ಗಾಂಧೀಜಿ 1924ರಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ನಡುವಿನ ಮೂವತ್ತು ವರ್ಷಗಳಲ್ಲಿ ಅವರೇನೂ ಸಿಡಿಲಿನಂಥ ಭಾಷಣಕಾರರಾಗಲಿಲ್ಲ. ಸಂಕೋಚದಿಂದಾಗಿ ಮಾತನ್ನು ಮಿತವಾಗಿ ಬಳಸಲು ಕಲಿತೆ ಎಂಬುದು ಅವರ ಅಭಿಪ್ರಾಯ.

ಇನ್ನೊಂದು ಉದಾಹರಣೆ, ನಿಮ್ಮ ವಯಸ್ಸಿಗೆ ಹತ್ತಿರದ್ದು. 1966ರಲ್ಲಿ ತಂದೆ ತೀರಿಕೊಂಡಾಗ ಅಜೀಂ ಪ್ರೇಮ್‌ಜಿ ಅವರಿಗೆ 21 ವರ್ಷ. ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಎಂಜಿನಿಯರಿಂಗ್ ಓದು ಅರ್ಧಕ್ಕೆ ಬಿಟ್ಟು ಬಂದು ಅಡುಗೆ ಎಣ್ಣೆ, ವನಸ್ಪತಿ ತಯಾರಿಸುವ ಕಂಪನಿಯ ಹೊಣೆ ಹೊತ್ತರು. ಮೊದಲ ವಾರ್ಷಿಕ ಸಭೆಯಲ್ಲೇ ಒಬ್ಬ ಷೇರುದಾರರು ಎದ್ದು ನಿಂತು, ನಿನ್ನಿಂದ ಇದು ಆಗುವುದಿಲ್ಲ, ಷೇರುಗಳನ್ನು ಮಾರಿ ಅನುಭವಸ್ಥರ ಕೈಗೆ ಕೊಟ್ಟುಬಿಡು ಎಂದರಂತೆ. ತುಂಬಿದ ಸಭೆ, 21ರ ಹುಡುಗ. ನಮ್ಮೊಳಗಿನ ಅಳುಕು ಪಿಸುಗುಟ್ಟುವುದನ್ನೇ ಆ ಮನುಷ್ಯ ಗಟ್ಟಿಯಾಗಿ ಹೇಳಿದ್ದ. ಅದೇ ಕಂಪನಿ ಮುಂದೆ ವಿಪ್ರೋ ಆಯಿತು. ಅರ್ಧಕ್ಕೆ ಬಿಟ್ಟ ಪದವಿಯನ್ನು ಅವರು ಮೂರು ದಶಕ ಕಳೆದ ಮೇಲೆ ಪೂರೈಸಿದರು. ಆ ಷೇರುದಾರರು ಹೇಳಿದ್ದು ಸುಳ್ಳಾಗಿರಲಿಲ್ಲ ಎಂಬುದನ್ನೂ ನೆನಪಿಡಿ. ಅನುಭವ ನಿಜವಾಗಿಯೂ ಇರಲಿಲ್ಲ. ಅನುಭವ ಇಲ್ಲ ಎಂಬುದು ಮಾತ್ರ ನಿಜ, ಅನುಭವ ಬರುವುದೇ ಇಲ್ಲ ಎಂಬುದು ನಿಜವಲ್ಲ.

ಮನಃಶಾಸ್ತ್ರದವರು ಈ ಅಳುಕಿಗೆ ಹೆಸರನ್ನೂ ಇಟ್ಟಿದ್ದಾರೆ. 1978ರಲ್ಲಿ ಅಮೆರಿಕದ ಪಾಲೀನ್ ಕ್ಲ್ಯಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಇಬ್ಬರು ವಿದ್ವಾಂಸೆಯರು ಬರೆದ ಲೇಖನದಿಂದ ‘ಇಂಪಾಸ್ಟರ್ ಫಿನಾಮಿನಾನ್’ ಎಂಬ ಮಾತು ಬಳಕೆಗೆ ಬಂತು. ಇಂಪಾಸ್ಟರ್ ಎಂದರೆ ಸೋಗು ಹಾಕಿದವನು. ಒಳ್ಳೆಯ ಓದು, ಒಳ್ಳೆಯ ಹುದ್ದೆ ಇದ್ದ ಹೆಣ್ಣುಮಕ್ಕಳು ಕೂಡ ‘ಇದೆಲ್ಲ ಅದೃಷ್ಟದಿಂದ ಬಂದದ್ದು, ನಾನು ಎಲ್ಲರ ಕಣ್ಣಿಗೆ ಮಣ್ಣೆರಚಿದ್ದೇನೆ’ ಎಂದು ನಂಬಿದ್ದನ್ನು ಅವರು ಕಂಡರು. ಇಂಥವರನ್ನು ಗುಂಪಾಗಿ ಕೂಡಿಸಿ ಮಾತನಾಡಿಸುವುದು ಉಪಯುಕ್ತ ಎಂದೂ ಬರೆದರು, ಯಾಕೆಂದರೆ ಪಕ್ಕದವಳೂ ಅದನ್ನೇ ಹೇಳುವುದನ್ನು ಕೇಳಿದಾಗ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಇದರ ಎದುರು ಬದಿಯೂ ಇದೆ. 1999ರಲ್ಲಿ ಡನ್ನಿಂಗ್ ಮತ್ತು ಕ್ರೂಗರ್ ಎಂಬಿಬ್ಬರು ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಯಲ್ಲಿ ತೀರ ಕೆಳಗಿದ್ದವರು ತಮ್ಮನ್ನು ತಾವು ಬಹಳ ಮೇಲೆ ಎಣಿಸಿಕೊಂಡಿದ್ದರು, ಮೇಲಿದ್ದವರು ತಮ್ಮ ಸ್ಥಾನವನ್ನು ಇದ್ದುದಕ್ಕಿಂತ ತುಸು ಕೆಳಗೆ ಎಣಿಸಿದ್ದರು. ಹಾಗೆಂದು ಅಳುಕಿದವರೆಲ್ಲ ಬುದ್ಧಿವಂತರು ಎಂದು ಹಿಗ್ಗಬೇಡಿ. ನಮ್ಮ ಬಗ್ಗೆ ನಮ್ಮ ಅಂದಾಜು ನಂಬಲು ಬಾರದು ಎಂಬಷ್ಟೇ ಅದರ ಪಾಠ.

ನಮ್ಮ ಭಾಗದ ಮಕ್ಕಳಿಗೆ ಈ ಸೋಗಿನ ಭಯ ಇನ್ನೊಂದು ದಾರಿಯಿಂದಲೂ ಬರುತ್ತದೆ. 2013ರಲ್ಲಿ ಸಂವಿಧಾನದ 371ಜೆ ವಿಧಿ ಜಾರಿಗೆ ಬಂದು ನಮ್ಮ ಜಿಲ್ಲೆಗಳವರಿಗೆ ಸೀಟು, ನೌಕರಿಗಳಲ್ಲಿ ಮೀಸಲಾತಿ ಸಿಕ್ಕಿತು. ಸೀಟು ಸಿಕ್ಕ ಮಕ್ಕಳು ಊರಿಗೆ ಬಂದಾಗ ‘ಸರ, ಅಲ್ಲಿ ಎಲ್ಲರೂ ನಮ್ಮನ್ನ ಕೋಟಾದವರು ಅಂತಾರ’ ಎಂದು ತಲೆ ತಗ್ಗಿಸಿ ಹೇಳುತ್ತಾರೆ. ಮಕ್ಕಳೇ, ಕೋಟಾ ನಿಮ್ಮನ್ನು ಬಾಗಿಲಿನ ತನಕ ತಂದಿತು. ಒಳಗಿನ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಅದನ್ನು ಬರೆದು ಪಾಸಾದವರು ನೀವು.

ಹೋಲಿಕೆಯ ವಿಷಯಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ದಢೇಸುಗೂರಿನಲ್ಲಿಯೇ ಕೃಷಿ ಸಂಶೋಧನಾ ಕೇಂದ್ರವಿದೆ. ಹೊಸ ಭತ್ತದ ತಳಿಯನ್ನು ಹೇಗೆ ಪರೀಕ್ಷಿಸುತ್ತಾರೆ ಎಂದು ಕೃಷಿ ವಿಜ್ಞಾನಿಗಳನ್ನು ಕೇಳಿ ನೋಡಿ. ಅದರ ಪಕ್ಕದಲ್ಲೇ ಈಗಾಗಲೇ ರೈತರು ಬೆಳೆಯುತ್ತಿರುವ ಒಂದು ತಳಿಯನ್ನು ಹಾಕುತ್ತಾರೆ. ಅದೇ ಮಣ್ಣು, ಅದೇ ಕಾಲುವೆಯ ನೀರು, ಅಷ್ಟೇ ಗೊಬ್ಬರ. ಒಂದೇ ತಾಕಿನಲ್ಲಿ ನೋಡಿ ತೀರ್ಪು ಕೊಡುವುದಿಲ್ಲ, ಹಲವು ತಾಕುಗಳಲ್ಲಿ, ಹಲವು ಹಂಗಾಮುಗಳಲ್ಲಿ ನೋಡುತ್ತಾರೆ. ಕಾಲುವೆಯ ಕೊನೆಯ ಭಾಗದ ಹೊಲವನ್ನು ತಲೆಭಾಗದ ಹೊಲದೊಂದಿಗೆ ಹೋಲಿಸಿ ರೈತನನ್ನು ಸೋಮಾರಿ ಎಂದರೆ ನೀವು ಒಪ್ಪುತ್ತೀರಾ? ಒಪ್ಪುವುದಿಲ್ಲ, ಜಗಳಕ್ಕೇ ಬರುತ್ತೀರಿ. ಆದರೆ ನಿಮ್ಮ ವಿಷಯ ಬಂದಾಗ ನೀವು ಮಾಡುವುದು ಅದನ್ನೇ. ಎರಡು ತಿಂಗಳ ಕಾರ್ಯದರ್ಶಿ ತನ್ನನ್ನು ಇಪ್ಪತ್ತು ವರ್ಷ ಸಂಘ ನಡೆಸಿದ ಅಧ್ಯಕ್ಷರೊಂದಿಗೆ ಹೋಲಿಸಿಕೊಳ್ಳುತ್ತಾನೆ.

ಆದರೆ ಒಂದು ಮಾತನ್ನು ಹೇಳದೆ ಹೋದರೆ ನಾನು ನಿಮಗೆ ಮೋಸ ಮಾಡಿದಂತೆ. ವ್ಯಕ್ತಿತ್ವ ವಿಕಸನದ ಪುಸ್ತಕಗಳು ‘ನಿನ್ನನ್ನು ನೀನು ನಂಬು, ಸಂಶಯವನ್ನು ಕಿತ್ತೊಗೆ’ ಎನ್ನುತ್ತವೆ. ನಾನು ಹಾಗೆ ಹೇಳಲಾರೆ. ಅಳುಕು ಕೆಲವೊಮ್ಮೆ ನಿಜವನ್ನೇ ಹೇಳುತ್ತದೆ. ನಾಮಿನಲ್ ರೋಲ್ ಮುಂದಿದ್ದಾಗ ನನ್ನ ಅಳುಕು ‘ನಿನಗೆ ಇದು ಗೊತ್ತಿಲ್ಲ’ ಎಂದು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಅದರ ಮಾತು ಕೇಳಿ ಪಕ್ಕದ ಕೋಣೆಗೆ ಹೋಗಬೇಕಿತ್ತು. ಆದ್ದರಿಂದ ಅದು ಮಾತನಾಡಿದಾಗ ಬಾಯಿ ಮುಚ್ಚಿಸುವ ಬದಲು ವಿಚಾರಣೆ ಮಾಡಿ. ನನ್ನಿಂದ ಆಗುವುದಿಲ್ಲ ಎಂದರೆ ಏನು ಆಗುವುದಿಲ್ಲ? ಲೆಕ್ಕ ಬರೆಯಲು ಬರುವುದಿಲ್ಲವೇ, ಹಿರಿಯರ ಎದುರು ಮಾತು ಹೊರಡುವುದಿಲ್ಲವೇ, ಗೆಳೆಯನ ತಪ್ಪನ್ನು ತಪ್ಪು ಎನ್ನಲು ಆಗುವುದಿಲ್ಲವೇ? ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮನಸ್ಸಿನಲ್ಲಿ ಬೆಟ್ಟದಷ್ಟಿದ್ದದ್ದು ಹಾಳೆಯ ಮೇಲೆ ಬಂದಾಗ ನಾಲ್ಕೈದು ಸಾಲಾಗುತ್ತದೆ. ಅದರಲ್ಲಿ ಎರಡಕ್ಕೆ ಯಾರನ್ನೋ ಕೇಳಿದರೆ ಸಾಕು. ಒಂದಕ್ಕೆ ಅಭ್ಯಾಸ ಬೇಕು. ಒಂದು ನಿಮ್ಮ ಸ್ವಭಾವಕ್ಕೇ ಒಗ್ಗದ್ದು, ಅದಕ್ಕೆ ಹಾರೂನರಂಥ ಒಬ್ಬ ಜೊತೆಗಾರ ಬೇಕು. ಇಷ್ಟೆಲ್ಲ ಮಾಡಿಯೂ ಆ ಕೆಲಸ ನಿಮ್ಮದಲ್ಲ ಎಂದು ಕಂಡುಬಂದರೆ ಬಿಟ್ಟುಕೊಡುವುದರಲ್ಲಿ ಅವಮಾನವಿಲ್ಲ. ಲೆಕ್ಕ ನೋಡದೆ ಬಿಡುವುದು ಬೇರೆ, ನೋಡಿ ಬಿಡುವುದು ಬೇರೆ.

ರಾತ್ರಿ ನಿದ್ದೆ ಹತ್ತದ ಹಾಗೆ, ಊಟ ಸೇರದ ಹಾಗೆ, ಬದುಕೇ ಬೇಡ ಎನಿಸುವ ಹಾಗೆ ಈ ಭಾವನೆ ವಾರಗಟ್ಟಲೆ ಕಾಡಿದರೆ ಅದು ಭಾಷಣದಿಂದ ಹೋಗುವಂಥದಲ್ಲ. ಮನೆಯವರಿಗೆ ಹೇಳಿ, ವೈದ್ಯರನ್ನು ಕಾಣಿ. ಜ್ವರ ಬಂದರೆ ಹೋಗುವುದಿಲ್ಲವೇ? ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯೂ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತನಾಡಬಹುದು.

ಹಿರಿಯರಿಗೂ ಎರಡು ಮಾತು. ಹುಡುಗರನ್ನು ಹುದ್ದೆಗೆ ಆರಿಸಿ, ಹಾರ ಹಾಕಿ, ಫೋಟೊ ತೆಗೆಸಿ ನಾವು ಮನೆಗೆ ಹೋಗುತ್ತೇವೆ. ಮರುದಿನ ಅವನಿಗೆ ರಸೀದಿ ಪುಸ್ತಕ ಹಿಡಿಯುವುದನ್ನೂ ಯಾರೂ ತೋರಿಸುವುದಿಲ್ಲ. ತಪ್ಪಾದಾಗ ಮಾತ್ರ ‘ಈಗಿನ ಹುಡುಗರು’ ಎಂದು ಶುರು ಮಾಡುತ್ತೇವೆ. ನಾವು ನಮ್ಮ ಮೊದಲ ವರ್ಷ ಮಾಡಿದ ತಪ್ಪುಗಳನ್ನು ಇವರಿಗೆ ಹೇಳಿದ್ದೇವೆಯೇ? ಈ ವರ್ಷದಿಂದ ಹೊಸ ಪದಾಧಿಕಾರಿಗಳ ಜೊತೆ ಹಳಬರು ಮೂರು ತಿಂಗಳಾದರೂ ಕೂರಬೇಕು ಎಂದು ಅಧ್ಯಕ್ಷರಲ್ಲಿ ಈ ವೇದಿಕೆಯಿಂದಲೇ ವಿನಂತಿಸುತ್ತೇನೆ. ಅಧ್ಯಕ್ಷರು ತಲೆ ಅಲ್ಲಾಡಿಸಿದ್ದಾರೆ, ಎಲ್ಲರೂ ನೋಡಿದ್ದೀರಿ.

ಇನ್ನು ಆ ಪತ್ರ. ಅದು ಈಗಲೂ ನನ್ನ ಜೇಬಿನಲ್ಲೇ ಇದೆ, ಅಧ್ಯಕ್ಷರಿಗೆ ಕೊಟ್ಟಿಲ್ಲ. ಬರೆದವನು ಇಲ್ಲೇ ಕುಳಿತಿದ್ದಾನೆ. ತಮ್ಮಾ, ಊಟ ಮುಗಿಸಿ ಕಚೇರಿ ಕೋಣೆಗೆ ಬಾ. ಬರುವಾಗ ಮೆಸ್ಸಿನ ಲೆಕ್ಕದ ಪುಸ್ತಕ ತೆಗೆದುಕೊಂಡು ಬಾ. ಗುಮಾಸ್ತರಿಗೂ ಇರಲು ಹೇಳಿದ್ದೇನೆ, ಮೂವರೂ ಕೂತು ನೋಡೋಣ. ಆಮೇಲೂ ಪತ್ರವನ್ನು ಅಧ್ಯಕ್ಷರಿಗೆ ಕೊಡಿ ಎಂದು ನೀನು ಹೇಳಿದರೆ, ನಾನೇ ಕೈಯಾರೆ ಕೊಡುತ್ತೇನೆ.